ಐದು ಪಾಯಿಂಟ್ ಸೊನ್ನೆ

11 ಫೆಬ್ರವರಿ 2008

ಹೊಸ ಮಾನಿಟರ್ ಬಂತು. ಹಳೆಯದರಲ್ಲಿ ಅಕ್ಷರಗಳು ಒಂದರ ಮೇಲೊಂದು ಕೂರುತ್ತಿದ್ದವು. ಸುಹಾನಾ ಅದನ್ನು ತನ್ನ ಮೇಜಿಗೆ ಹಾಕಿಕೊಂಡಿದ್ದಾಳೆ, ಏನೂ ತೊಂದರೆ ಇಲ್ಲ ಎನ್ನುತ್ತಾಳೆ. ಬಿ.ಸಿ.ಎ. ಮುಗಿಸಿ ನಮ್ಮಲ್ಲಿಗೆ ಕೆಲಸಕ್ಕೆ ಬಂದು ಇನ್ನೂ ವರ್ಷವಾಗಿಲ್ಲ. ಯಾವುದರ ಬಗ್ಗೆಯೂ ದೂರು ಹೇಳದ ವಯಸ್ಸು.

ಮಧ್ಯಾಹ್ನ ಸಂಡೂರು ರಸ್ತೆಯ ಅದಿರು ಯಾರ್ಡಿನ ಮ್ಯಾನೇಜರ್ ಫೋನ್ ಮಾಡಿದ. ಲಾರಿ ತೂಗುವ ಅವರ ಕಾಟಾಕ್ಕೆ ಹೋದ ವಾರವಷ್ಟೇ ನಮ್ಮ ಪ್ರೋಗ್ರಾಮಿನ 4.2 ಹಾಕಿ ಬಂದಿದ್ದೆವು. ಶುರುವಾಗುವಾಗ 4.2 ಎಂದು ತೋರಿಸುತ್ತದೆ, ತೂಕದ ಚೀಟಿಯ ಅಡಿಯಲ್ಲಿ 4.1 ಎಂದು ಅಚ್ಚಾಗುತ್ತದೆ, ಸಹಾಯದ ಪುಟ ತೆಗೆದರೆ 4.0 ಅಂತಿದೆ. ಮೂರರಲ್ಲಿ ಯಾವುದನ್ನು ನಂಬಬೇಕು ಎಂದು ಕೇಳಿದನಂತೆ. ಅಜರುದ್ದೀನ್ ಅವನಿಗೆ ಏನೋ ಸಮಾಧಾನ ಹೇಳಿ ಫೋನ್ ಇಟ್ಟು ನನ್ನ ಕಡೆ ತಿರುಗಿದ.

ಎಲ್ಲ ಫೈಲುಗಳನ್ನೂ ನಾನೇ ನೋಡಿದ್ದೆ. ನೋಡಿಯೇ ಕಳಿಸಿದ್ದು.

ಪಾಲಿಟೆಕ್ನಿಕ್ಕಿನ ದಿನದಿಂದ ನಾವಿಬ್ಬರೂ ಜೊತೆ. ಅವನು ಮಾರುತ್ತಾನೆ, ನಾನು ಬರೆಯುತ್ತೇನೆ. ನನ್ನ ಕೆಲಸದ ಬಗ್ಗೆ ಅವನು ಇವತ್ತಿನವರೆಗೆ ಒಂದು ಮಾತು ಕೇಳಿರಲಿಲ್ಲ. ಇವತ್ತೂ ಕೇಳಲಿಲ್ಲ.

14 ಫೆಬ್ರವರಿ

ಯೋಚಿಸಿದೆ. ತಪ್ಪು ಮನುಷ್ಯನದಲ್ಲ, ವ್ಯವಸ್ಥೆಯದು. ಒಂದೇ ವರ್ಷನ್ ನಂಬರನ್ನು ಎಷ್ಟೋ ಕಡೆ ಬರೆದಿಟ್ಟಿದ್ದೇವೆ. ಮೂಲ ಪ್ರೋಗ್ರಾಮಿನಲ್ಲಿ, ಶುರುವಿನ ಪರದೆಯಲ್ಲಿ, ಚೀಟಿಯ ನಮೂನೆಯಲ್ಲಿ, ಸಹಾಯದ ಪುಟದಲ್ಲಿ, ಸಿ.ಡಿ.ಯಿಂದ ಕಂಪ್ಯೂಟರಿಗೆ ಹಾಕುವ ಫೈಲಿನಲ್ಲಿ. ಹೊಸ ವರ್ಷನ್ ಬಿಡುವಾಗಲೆಲ್ಲ ಒಬ್ಬ ಕೂತು ಒಂದೊಂದೇ ಫೈಲು ತೆಗೆದು, ಹಳೆಯದನ್ನು ಹುಡುಕಿ ಅಳಿಸಿ, ಹೊಸದನ್ನು ಹೊಡೆಯಬೇಕು. ಇದು ಕಣ್ಣಿಗೆ ಕೊಡುವ ಕೆಲಸವೇ ಅಲ್ಲ.

ಒಂದು ಸ್ಕ್ರಿಪ್ಟ್ ಬರೆಯುತ್ತೇನೆ. ಹಳೆಯ ನಂಬರು, ಹೊಸ ನಂಬರು ಎರಡನ್ನು ಹೇಳಿದರೆ ಸಾಕು, ಅದೇ ಎಲ್ಲ ಫೈಲುಗಳನ್ನೂ ಹೊಕ್ಕು ಬದಲಾಯಿಸಿ ಬರಬೇಕು.

ಅಷ್ಟರವರೆಗೆ ಫೈಲುಗಳನ್ನು ತಾನು ನೋಡಿಕೊಡಲೇ ಎಂದು ಸುಹಾನಾ ಕೇಳಿದಳು. ನಿನ್ನ ಕೆಲಸ ನೀನು ನೋಡಿಕೋ ಎಂದೆ.

27 ಫೆಬ್ರವರಿ

ಸ್ಕ್ರಿಪ್ಟ್ ಓಡಿತು. ನಾಲ್ಕು ಸಲ ಕರೆಂಟ್ ಹೋಗಿ ಬಂದ ದಿನದಲ್ಲೂ ಓಡಿತು. ಚಹಾ ಕುಡಿದು ಲೋಟ ಕೆಳಗಿಡುವುದರೊಳಗೆ ಎಲ್ಲ ಫೈಲುಗಳಲ್ಲೂ ಒಂದೇ ನಂಬರು. ಮೊದಲಾಗಿದ್ದರೆ ಅರ್ಧ ದಿನ ಹೋಗುತ್ತಿತ್ತು. ಅಜರುದ್ದೀನ್ ಬೆನ್ನು ತಟ್ಟಿದ.

ಸಂಜೆ ಬೈಕ್ ಆಫೀಸಿನಲ್ಲೇ ಬಿಟ್ಟು ಸತ್ಯನಾರಾಯಣಪೇಟೆಯಿಂದ ಮನೆಗೆ ನಡೆದೇ ಬಂದೆ. ಹೊತ್ತು ಮುಳುಗಿದ ಮೇಲೆ ಬೈಕ್ ಓಡಿಸುವುದನ್ನು ಬಿಟ್ಟಿದ್ದೇನೆ. ಅದಿರು ಲಾರಿಗಳ ದೂಳಿನಲ್ಲಿ ಈ ಊರಿನಲ್ಲಿ ಯಾರಿಗೂ ಏನೂ ಕಾಣುವುದಿಲ್ಲ.

9 ಮಾರ್ಚ್

ಭಾನುವಾರ. ಹೆಂಡತಿ ಶೀಲಾಳ ಒತ್ತಾಯಕ್ಕೆ ಕನ್ನಡಕದ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ಗಾಜು ಬದಲಿಸಿ ಬದಲಿಸಿ ಹಾಕಿದ. ಯಾವ ಗಾಜಿನಲ್ಲೂ ಗೋಡೆಯ ಮೇಲಿನ ಸಾಲುಗಳು ನೆಟ್ಟಗಾಗಲಿಲ್ಲ, ನಡುವೆ ಬಗ್ಗಿಯೇ ಇದ್ದವು. ಇದು ಕನ್ನಡಕದ ಮಾತಲ್ಲ, ಡಾಕ್ಟರಿಗೆ ತೋರಿಸಿ ಎಂದ. ಅವನ ಗೋಡೆಯ ಹಾಳೆಯೇ ಹಳೆಯದು, ತೇವಕ್ಕೆ ಉಬ್ಬಿದೆ.

ದಾರಿಯಲ್ಲಿ ಶೀಲಾ ಸಕ್ಕರೆಯ ಮಾತು ತೆಗೆದಳು. ರಕ್ತ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂದು ಕೇಳಿದಳು. ಪುರಸೊತ್ತೆಲ್ಲಿದೆ? ಬಳ್ಳಾರಿಯ ಸುತ್ತ ವಾರಕ್ಕೊಂದು ಹೊಸ ಕಾಟಾ ಏಳುತ್ತಿದೆ, ಪ್ರತಿಯೊಂದಕ್ಕೂ ಪ್ರೋಗ್ರಾಮ್ ಬೇಕು.

ಇತ್ತೀಚೆಗೆ ತಟ್ಟೆಯಲ್ಲಿ ಪಲ್ಯ, ಚಟ್ನಿ, ಉಪ್ಪಿನಕಾಯಿ ದಿನವೂ ಅದದೇ ಜಾಗದಲ್ಲಿ ಇರುತ್ತವೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳಿಗೆ ಅಡುಗೆಮನೆಯಲ್ಲೂ ಅಚ್ಚುಕಟ್ಟು ಬಂದಿದೆ. ಒಳ್ಳೆಯದು.

2 ಏಪ್ರಿಲ್

ಮುಂದಿನ ವರ್ಷನ್ 4.3 ಆಗಬೇಕಿತ್ತು. ಅಜರುದ್ದೀನ್ ಒಪ್ಪಲಿಲ್ಲ. ಹೊಸಪೇಟೆಯ ಕಂಪನಿಯೊಂದು ತನ್ನ ಕಾಟಾ ಪ್ರೋಗ್ರಾಮಿಗೆ ಐದನೇ ನಂಬರು ಹಾಕಿಕೊಂಡು ತಿರುಗುತ್ತಿದೆಯಂತೆ. ಐದು ಸಿಗುವಾಗ ನಾಲ್ಕನ್ನು ಯಾರು ತಗೋತಾರೆ ಎಂದ. ಒಳಗೆ ಅಷ್ಟೇನೂ ಬದಲಾಗಿಲ್ಲ, ಭತ್ತದ ಮಿಲ್ಲುಗಳಿಗಾಗಿ ಎರಡು ವರದಿ ಸೇರಿಸಿದ್ದೇವೆ ಅಷ್ಟೆ ಎಂದು ಹೇಳಿದೆ. ಸಿ.ಡಿ. ಮೇಲೆ ಒಳಗಿನದು ಕಾಣುವುದಿಲ್ಲವಲ್ಲ ಎಂದ.

ಆಯಿತು, ಐದು ಪಾಯಿಂಟ್ ಸೊನ್ನೆ. ಸ್ಕ್ರಿಪ್ಟಿಗೆ ಎಲ್ಲವೂ ಒಂದೇ.

10 ಏಪ್ರಿಲ್

ಬೆಳಿಗ್ಗೆ ಸ್ಕ್ರಿಪ್ಟ್ ಓಡಿಸಿದೆ. 4.2 ಇದ್ದಲ್ಲೆಲ್ಲ 5.0 ಆಯಿತು. ಹಳೆಯ ಪ್ರತಿ, ಹೊಸ ಪ್ರತಿ ಎರಡನ್ನೂ ಅಕ್ಕಪಕ್ಕ ಇಟ್ಟು ಏನೇನು ಬದಲಾಗಿದೆ ಎಂದು ಸಾಲು ಸಾಲಾಗಿ ನೋಡಬೇಕು, ಅದು ಪದ್ಧತಿ. ತಾನು ನೋಡಲೇ ಎಂದು ಸುಹಾನಾ ಮತ್ತೆ ಕೇಳಿದಳು. ನಾನೇ ನೋಡುತ್ತೇನೆ ಎಂದೆ.

ನೋಡಿದೆ. ಮಧ್ಯಾಹ್ನದವರೆಗೆ ನೋಡಿದೆ. ಎಡಗಣ್ಣಿನ ಮುಂದೆ ಎರಡು ದಿನದಿಂದ ಒಂದು ಕಪ್ಪು ಎಳೆ ತೇಲುತ್ತಿದೆ, ಬಿಸಿಲಿನ ಕಾಟ. ಎಲ್ಲ ಸರಿಯಾಗಿದೆ ಎಂದು ಅಜರುದ್ದೀನನಿಗೆ ಹೇಳಿದೆ. ಸಿರುಗುಪ್ಪದ ಮಿಲ್ಲುಗಳಿಗೆ ಸಿ.ಡಿ. ಹೋದವು. ಬೇಸಿಗೆ ಭತ್ತದ ಸುಗ್ಗಿ ಶುರುವಾಗುವುದರೊಳಗೆ ಕಳಿಸಿದ್ದು ಒಳ್ಳೆಯದಾಯಿತು.

24 ಏಪ್ರಿಲ್

ಸಿರುಗುಪ್ಪದ ಎರ್ರಣ್ಣನ ಮಿಲ್ಲಿನಲ್ಲಿ ಗಲಾಟೆ. 5.0 ಬಂದ ಮೇಲೆ ಹಸಿ ಭತ್ತಕ್ಕೆ ತೂಕದಲ್ಲಿ ಹೆಚ್ಚು ಕಡಿತ ಬೀಳುತ್ತಿದೆಯಂತೆ. ರೈತನೊಬ್ಬ ಹೋದ ಸುಗ್ಗಿಯ ಒಂದು ಲೋಡಿನ ಚೀಟಿಯನ್ನೂ ನಿನ್ನೆಯ ಚೀಟಿಯನ್ನೂ ಜೋಡಿಸಿ ಹಿಡಿದ. ಭತ್ತದ ತೇವ ಅಷ್ಟೇ, ಕಡಿತ ಬೇರೆ. ಒಬ್ಬೊಬ್ಬರ ಟ್ರ್ಯಾಕ್ಟರಿಗೆ ಅರ್ಧ ಚೀಲದಷ್ಟು ಭತ್ತ ಹೋಗಿದೆ. ಜನ ಸೇರಿದರು. ಮಿಲ್ಲಿನ ಹೆಸರು ಕೆಡುತ್ತದೆಂದು ಎರ್ರಣ್ಣ ಕಾಟಾದ ಆಪರೇಟರ್ ಹುಲುಗಪ್ಪನನ್ನು ಮುಂದೆ ನಿಲ್ಲಿಸಿ, ಇವನೇ ಕಂಪ್ಯೂಟರಿನಲ್ಲಿ ಕೈಯಾಡಿಸಿ ಉಳಿದ ಭತ್ತ ಹೊರಗೆ ಮಾರುತ್ತಿದ್ದಾನೆ ಎಂದನಂತೆ. ಎಲ್ಲರೆದುರಿಗೆ ಅವನ ಜೇಬು ತಡಕಿ, ಅಲ್ಲಿಂದಲೇ ಕೆಲಸದಿಂದ ಬಿಡಿಸಿ ಕಳಿಸಿದ್ದಾರೆ.

ಹುಲುಗಪ್ಪನನ್ನು ನಾನು ಬಲ್ಲೆ. ನಮ್ಮ ಮೊದಲ ವರ್ಷನ್ನಿನಿಂದ ಆ ಕಾಟಾದ ಮೇಲೆ ಕೂತವನು. ಆದರೂ ಆಪರೇಟರುಗಳು ಕೈಯಾಡಿಸುತ್ತಾರೆ, ಇದು ಎಲ್ಲರಿಗೂ ಗೊತ್ತಿರುವುದೇ.

25 ಏಪ್ರಿಲ್

ಬೆಳಿಗ್ಗೆ ಬಂದಾಗ ಸುಹಾನಾ ಎರಡೂ ಪ್ರತಿಗಳನ್ನು ಅಕ್ಕಪಕ್ಕ ತೆಗೆದಿಟ್ಟುಕೊಂಡು ಕೂತಿದ್ದಳು. ಯಾರೂ ಹೇಳಿರಲಿಲ್ಲ. ಹನ್ನೊಂದರ ಸುಮಾರಿಗೆ ನನ್ನನ್ನು ಕರೆದಳು.

"ಸರ್, ಹೊಸಾ ಕಾಪಿಯಾಗ ಈ ಸಾಲು ನೋಡ್ರಿ. ತೇವದ ಕಡಿತದ್ದು."

ಬಗ್ಗಿ ನೋಡಿದೆ. "ನೋಡಿದೆ. 4.2 ಐತಿ. ಸರಿ ಐತಲ್ಲ."

ಅವಳು ಮೆಲ್ಲಗೆ, "ಸರ್, ಅಲ್ಲಿ 5.0 ಐತ್ರಿ" ಎಂದಳು.

ಅಲ್ಲಿ ಏನಿರಬೇಕಿತ್ತೋ ಅದನ್ನು ನಾನು ಓದಿದ್ದೆ. ಆ ಸಾಲನ್ನು ಬರೆದವನು ನಾನೇ. ತೀರಾ ಹಸಿ ಭತ್ತವಾದರೆ ಕ್ವಿಂಟಲಿಗೆ 4.2 ಕಿಲೋ ಕಡಿತ. ಅದು ತೂಕ, ವರ್ಷನ್ ನಂಬರಲ್ಲ. ಸ್ಕ್ರಿಪ್ಟಿಗೆ ಆ ವ್ಯತ್ಯಾಸ ಗೊತ್ತಿಲ್ಲ. 4.2 ಕಂಡಲ್ಲೆಲ್ಲ 5.0 ಮಾಡು ಎಂದು ನಾನು ಹೇಳಿದ್ದೆ, ಮಾಡಿದೆ.

ಸುಹಾನಾ ಏನೂ ಹೇಳದೆ ಅಕ್ಷರಗಳನ್ನು ದೊಡ್ಡದು ಮಾಡುತ್ತ ಹೋದಳು. ಕೊನೆಗೆ ಆ ಒಂದು ಸಾಲೇ ಪರದೆಯ ತುಂಬ ಆಯಿತು. ಆಗ ಕಂಡಿತು. ಐದು. ಚುಕ್ಕೆ. ಸೊನ್ನೆ.

"ಎಷ್ಟು ದಿನದಿಂದ ರೀ ಸರ್?" ಎಂದು ಕೇಳಿದಳು. ಪ್ರೋಗ್ರಾಮಿನ ಬಗ್ಗೆ ಕೇಳುತ್ತಿದ್ದಾಳೆಂದುಕೊಂಡು, ಹತ್ತನೇ ತಾರೀಖಿನಿಂದ ಎಂದೆ.

26 ಏಪ್ರಿಲ್

ಆಫೀಸಿಗೆ ಹೋಗಲಿಲ್ಲ.

28 ಏಪ್ರಿಲ್

ಶೀಲಾ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಒಂದು ದಿನ ರಜೆ ಹಾಕಿ ಜೊತೆಗೆ ಬಂದಳು. ಕಣ್ಣಿನ ಡಾಕ್ಟರು ಕಣ್ಣಿಗೆ ಔಷಧಿ ಬಿಟ್ಟು, ಸ್ವಲ್ಪ ಹೊತ್ತು ಕೂರಿಸಿ, ದೀಪ ಹಿಡಿದು ನೋಡಿದರು. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಹಿಂಪರದೆ ಕೆಟ್ಟಿದೆ. ಎಡಗಣ್ಣಿನಲ್ಲಿ ರಕ್ತ ಒಸರಿದೆ, ಅದರಿಂದ ಹೆಚ್ಚಿನ ಆಸೆ ಇಡಬೇಡಿ ಎಂದರು. ಬಲಗಣ್ಣಿನಲ್ಲಿ ಓದುವುದಕ್ಕೆ ಬೇಕಾದ ನಡುಭಾಗವೇ ಊದಿಕೊಂಡಿದೆ. ಹೈದರಾಬಾದಿಗೆ ಹೋಗಿ ಲೇಸರ್ ಮಾಡಿಸಿದರೆ ಇರುವುದು ಉಳಿಯಬಹುದು, ಹೋದದ್ದು ಬರುವುದಿಲ್ಲ. ಒಂದು ವರ್ಷ ಮೊದಲೇ ಬರಬೇಕಿತ್ತು ಎಂದರು. ಒಳ್ಳೆಯ ಡಾಕ್ಟರು, ಸುತ್ತಿ ಬಳಸಿ ಮಾತಾಡಲಿಲ್ಲ.

ಆಟೋದಲ್ಲಿ ಶೀಲಾಗೆ, ನಿನಗೆ ಹೇಳಬೇಕೆಂದಿದ್ದೆ ಎಂದೆ.

"ನನಗ ದೀಪಾವಳಿ ಹೊತ್ತಿಗೇ ಗೊತ್ತಾಗಿತ್ರಿ" ಎಂದಳು. "ತಟ್ಟ್ಯಾಗ ಉಪ್ಪಿನಕಾಯಿ ಹುಡುಕ್ತಿದ್ರಿ ನೀವು. ನೀವಾಗೇ ಹೇಳ್ತೀರಿ ಅಂತ ಸುಮ್ನಿದ್ದೆ. ತಪ್ಪು ಮಾಡಿದೆ."

ತಟ್ಟೆಯ ಅಚ್ಚುಕಟ್ಟಿನ ಕಾರಣ ಅದು.

ನನಗೆ ಅಳು ಬರಲಿಲ್ಲ. ಔಷಧಿಯಿಂದ ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆಟೋದವನು ಗಾಡಿ ನಿಧಾನ ಮಾಡಿದ.

30 ಏಪ್ರಿಲ್

ಅಜರುದ್ದೀನನಿಗೆ ಎರಡನ್ನೂ ಹೇಳಿದೆ. ಕಡಿತದ ಸಾಲಿನ ವಿಷಯ, ಕಣ್ಣಿನ ವಿಷಯ. ಎರಡನೆಯದಕ್ಕೆ ಅವನು ಎದ್ದು ಹೊರಗೆ ಹೋಗಿ ಸ್ವಲ್ಪ ಹೊತ್ತು ಬಿಟ್ಟು ಬಂದ. ಬಂದು ಮೊದಲನೆಯದರ ಬಗ್ಗೆ ಮಾತಾಡಿದ.

"ಲೇ ಬಸವರಾಜ, ಈಗ ನಾವು ಬಾಯಿ ಬಿಟ್ರ ಸಿರುಗುಪ್ಪದಾಗ ಒಂದು ಮಿಲ್‌ನಾಗೂ ನಮ್ಮ ಸಿ.ಡಿ. ಇರಂಗಿಲ್ಲ. 5.1 ಅಂತ ಮಾಡಿ ಸುಮ್ನ ಹಾಕಿ ಬಂದುಬಿಡು."

ಹುಲುಗಪ್ಪನ ಗತಿ ಏನು ಎಂದು ಕೇಳಿದೆ. ಊರ ತುಂಬ ಕಾಟಾ ಹಾಕಿದ್ದಾರೆ, ಕೂರುವ ಆಪರೇಟರುಗಳೇ ಸಿಗುತ್ತಿಲ್ಲ, ಇಷ್ಟೊತ್ತಿಗೆ ಅವನಿಗೆ ಕೆಲಸ ಸಿಕ್ಕಿರುತ್ತದೆ ಎಂದ. ಕುರುಗೋಡಿನ ಕಡೆ ಸೇರಿಕೊಂಡಿದ್ದಾನೆಂದು ಸುದ್ದಿಯೂ ಇದೆಯಂತೆ.

ಅವನ ಮಾತಿನಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಆಯಿತು ಎಂದೆ.

ಸುಹಾನಾ ತನ್ನ ಮೇಜಿನ ಮುಂದೆ ಕೂತಿದ್ದಳು. ಕೀಬೋರ್ಡಿನ ಸದ್ದು ನಿಂತಿತ್ತು.

3 ಮೇ

ಬೆಳಿಗ್ಗೆಯ ಬಸ್ಸಿಗೆ ಸುಹಾನಾಳನ್ನು ಕರೆದುಕೊಂಡು ಸಿರುಗುಪ್ಪಕ್ಕೆ ಹೋದೆ. ದಾರಿಯುದ್ದಕ್ಕೂ ಚುನಾವಣೆಯ ಜೀಪುಗಳು, ಮೈಕಿನ ಕೂಗು. ಮೋಕದ ಹತ್ತಿರ ಬಸ್ಸು ಬಹಳ ಹೊತ್ತು ನಿಂತಿತ್ತು.

ಎರ್ರಣ್ಣ ಮರ್ಯಾದೆಯಿಂದಲೇ ಬರಮಾಡಿಕೊಂಡ. ಆಪರೇಟರುಗಳನ್ನು ನಂಬಿ ಕೆಟ್ಟೆವು ಎಂದು ಬೇಸರ ತೋಡಿಕೊಂಡ. ನಾನು ಹೂಂ ಎಂದೆ. ಸುಹಾನಾ 5.1 ಹಾಕಿದಳು. ಕಾಟಾದ ಸುತ್ತ ಭತ್ತ ತಂದ ರೈತರು ನೆರೆದಿದ್ದರು. ಒಬ್ಬರೂ ಟ್ರ್ಯಾಕ್ಟರನ್ನು ಕಾಟಾಕ್ಕೆ ಹತ್ತಿಸಲು ಒಪ್ಪುತ್ತಿಲ್ಲ. ಅಂತೂ ಒಬ್ಬ ಹತ್ತಿಸಿದ, ತೂಕವಾಯಿತು, ಚೀಟಿ ಅಚ್ಚಾಗಿ ಬಂತು. ಎರ್ರಣ್ಣ ಚೀಟಿ ಹರಿದು ತಂದು ನನ್ನ ಕೈಗಿಟ್ಟ.

"ಪ್ರೋಗ್ರಾಮ್ ಬರದೋರು ಇವ್ರೇ" ಎಂದು ಜನರಿಗೆ ಹೇಳಿದ. "ತೂಕ ಎಷ್ಟು, ಕಡಿತ ಎಷ್ಟು, ಇವ್ರ ಬಾಯಿಂದಲೇ ಕೇಳ್ರಿ."

ಚೀಟಿಯ ನಮೂನೆ ನನ್ನದೇ. ಯಾವ ಸಾಲಿನಲ್ಲಿ ಏನು ಬರುತ್ತದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಆದರೆ ಆ ಟ್ರ್ಯಾಕ್ಟರಿನಲ್ಲಿ ಎಷ್ಟು ಭತ್ತವಿತ್ತೆಂದು ನನಗೆ ಗೊತ್ತಿರಲಿಲ್ಲ. ಬಿಸಿಲಿನಲ್ಲಿ ಕಾಗದ ಬೆಳ್ಳಗಿತ್ತು, ಅಷ್ಟೆ. ಹತ್ತಿರ ಹಿಡಿದೆ, ದೂರ ಹಿಡಿದೆ. ಜನ ಕಾಯುತ್ತಿದ್ದರು. ಚೀಟಿಯನ್ನು ಇಸಿದುಕೊಳ್ಳಲು ಸುಹಾನಾ ಪಕ್ಕದಿಂದ ಕೈ ಚಾಚಿದಳು. ಕೊಟ್ಟಿದ್ದರೆ ಮುಗಿಯುತ್ತಿತ್ತು. ಹುಡುಗಿ ಓದುತ್ತಾಳೆ ಎಂದರೆ ಯಾರೂ ಏನೂ ಅನ್ನುತ್ತಿರಲಿಲ್ಲ.

"ನನಗ ಓದಾಕ ಆಗಂಗಿಲ್ಲ" ಎಂದೆ. "ಕಣ್ಣು ಹೋಗ್ಯಾವ."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ನಿಲ್ಲಲಿಲ್ಲ.

"ಹೋದ ತಿಂಗಳು ಕಡಿತ ಹೆಚ್ಚು ಬಿದ್ದಿದ್ದು ಹುಲುಗಪ್ಪನಿಂದ ಅಲ್ಲ. ಅವ ಏನೂ ಮಾಡಿಲ್ಲ. ಪ್ರೋಗ್ರಾಮಿನಾಗ ತಪ್ಪಿತ್ತು. ಕಳಿಸೂಕಿಂತ ಮೊದಲ ನಾ ನೋಡಬೇಕಿತ್ತು. ನೋಡೀನಿ ಅಂತ ಹೇಳ್ದೆ. ನನಗ ಕಂಡಿರಲಿಲ್ಲ."

ಎರ್ರಣ್ಣನ ಮುಖ ಹೇಗಿತ್ತೋ ತಿಳಿಯಲಿಲ್ಲ. ಗುಂಪಿನಿಂದ ವಯಸ್ಸಾದವರ ದನಿಯೊಂದು, "ಹಂಗಾರ ಈಗ ಈ ಚೀಟಿ ಓದೋರು ಯಾರಪ?" ಎಂದಿತು.

ಸುಹಾನಾ ಓದಿದಳು. ಎಲ್ಲರಿಗೂ ಕೇಳುವ ಹಾಗೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿದಳು. ಅದೇ ಟ್ರ್ಯಾಕ್ಟರನ್ನು ಬೇರೆ ಪ್ರೋಗ್ರಾಮ್ ಇರುವ ಪಕ್ಕದ ಮಿಲ್ಲಿಗೆ ಒಯ್ದು ಅಲ್ಲಿನ ಕಾಟಾದ ಮೇಲೆ ತೂಗಿಸಿಕೊಂಡು ಬಂದರು. ತಾಳೆಯಾಯಿತು. ಕಳೆದುಹೋದ ಭತ್ತವನ್ನು ಚೀಟಿ ನೋಡಿ ತುಂಬಿಕೊಡುವುದಾಗಿ ಎರ್ರಣ್ಣ ಜನರೆದುರು ಒಪ್ಪಿಕೊಳ್ಳಬೇಕಾಯಿತು. ನಮಗೆ ಹೋಗಿ ಬನ್ನಿ ಎಂದೂ ಅನ್ನಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಸುಹಾನಾ ತನ್ನ ಅಜ್ಜಿ ಮದಾರಬೀಯ ಬಗ್ಗೆ ಹೇಳಿದಳು. ಅವರಿಗೂ ಸಕ್ಕರೆಯಿಂದಲೇ ಕಣ್ಣು ಮಂಜಾಗಿತ್ತಂತೆ. ಯಾರಿಗೂ ಹೇಳದೆ ವರ್ಷಗಟ್ಟಲೆ ಮನೆಯವರ ಮೇಲೆಲ್ಲ ರೇಗುತ್ತಿದ್ದರಂತೆ. ನಾನೂ ಹಾಗೆ ರೇಗುತ್ತಿದ್ದೆನೇ ಎಂದು ಕೇಳಿದೆ.

"ಸ್ವಲ್ಪ ರೀ ಸರ್" ಎಂದಳು.

6 ಮೇ

ಎರ್ರಣ್ಣ ನಮ್ಮ ಪ್ರೋಗ್ರಾಮ್ ತೆಗೆಸಿದ. ಅವನನ್ನು ನೋಡಿ ಮತ್ತೆರಡು ಮಿಲ್ಲಿನವರೂ ತೆಗೆಸಿದರು. ಉಳಿದ ಮಿಲ್ಲುಗಳಿಗೆ ಸುಹಾನಾ ಹೋಗಿ 5.1 ಹಾಕಿ ಬಂದಳು. ಅಜರುದ್ದೀನ್ ಮಾತು ಬಿಟ್ಟಿದ್ದಾನೆ. ಹೇಳಬೇಕಾದ್ದನ್ನು ಸುಹಾನಾಳ ಮೂಲಕ ಹೇಳಿಸುತ್ತಾನೆ.

13 ಮೇ

ಬೆಳಿಗ್ಗೆ ಅಜರುದ್ದೀನ್ ಮನೆಗೆ ಬಂದ. ಚಹಾ ಕುಡಿದ. ಹೈದರಾಬಾದಿಗೆ ಶುಕ್ರವಾರದ ರೈಲಿಗೆ ನಮ್ಮಿಬ್ಬರ ಜೊತೆ ತನ್ನದೂ ಸೇರಿಸಿ ಮೂರು ಟಿಕೆಟ್ ತೆಗೆಸಿದ್ದೇನೆ ಎಂದು ಶೀಲಾಗೆ ಹೇಳಿದ, ನನಗಲ್ಲ. ಮಿಲ್ಲುಗಳ ಮಾತೇ ಎತ್ತಲಿಲ್ಲ. ಹೊರಡುವಾಗ ನನ್ನ ಚಪ್ಪಲಿಯನ್ನು ಕಾಲಿನಿಂದ ಹೊಸ್ತಿಲ ಪಕ್ಕಕ್ಕೆ ಸರಿಸಿ, ಇಲ್ಲೇ ಇಡು, ಪ್ರತಿದಿನ ಇಲ್ಲೇ ಇಡು ಎಂದು ಹೋದ.

25 ಮೇ

ಹೈದರಾಬಾದಿನಿಂದ ಬಂದಾಯಿತು. ಎರಡೂ ಕಣ್ಣಿಗೆ ಲೇಸರ್ ಹಾಕಿದ್ದಾರೆ. ಇನ್ನೂ ಎರಡು ಸಲ ಹೋಗಬೇಕು. ಎಡಗಣ್ಣಿಗೆ ಬೆಳಕು ಕತ್ತಲು ತಿಳಿಯುತ್ತದೆ. ಬಲಗಣ್ಣಿಗೆ ಆಳು, ಬಾಗಿಲು, ಬಣ್ಣ ಕಾಣುತ್ತವೆ, ಅಂಗೈಯಷ್ಟು ದೊಡ್ಡ ಅಕ್ಷರ ಕಾಣುತ್ತದೆ. ಇದು ಇಷ್ಟಕ್ಕೇ ನಿಂತರೆ ಗೆದ್ದಂತೆ ಎಂದರು.

ಶೀಲಾ ದಪ್ಪ ಸ್ಕೆಚ್ ಪೆನ್ನು ತಂದುಕೊಟ್ಟಿದ್ದಾಳೆ. ಪುಟಕ್ಕೆ ಐದಾರು ಸಾಲು ಹಿಡಿಯುತ್ತವೆ. ಬರೆದದ್ದರ ಮೇಲೇ ಬರೆಯುತ್ತಿರಲೂಬಹುದು.

29 ಮೇ

ಸುಹಾನಾ ನಾನು ಕೂಡಿ ಸ್ಕ್ರಿಪ್ಟನ್ನು ಹೊಸದಾಗಿ ಬರೆದೆವು. ನಾನು ಹೇಳುತ್ತೇನೆ, ಅವಳು ಹೊಡೆಯುತ್ತಾಳೆ. ವರ್ಷನ್ ನಂಬರು ಇನ್ನು ಒಂದೇ ಒಂದು ಫೈಲಿನಲ್ಲಿರುತ್ತದೆ. ಬೇರೆ ಫೈಲುಗಳಲ್ಲಿ ಅದು ಬರಬೇಕಾದ ಸಾಲಿಗೆ ಮಾತ್ರ ಒಂದು ಗುರುತು ಹಾಕಿದ್ದೇವೆ. ಗುರುತಿಲ್ಲದ ಸಾಲನ್ನು ಸ್ಕ್ರಿಪ್ಟ್ ಮುಟ್ಟುವುದಿಲ್ಲ, ಅಲ್ಲಿ ಯಾವ ನಂಬರಾದರೂ ಇರಲಿ. ಗುರುತಿನ ಉಪಾಯ ಅವಳದು. ಮೊದಲೇ ಹೊಳೆದಿತ್ತಂತೆ. ಯಾಕೆ ಹೇಳಲಿಲ್ಲ ಎಂದು ಕೇಳಲು ಹೊರಟು ಸುಮ್ಮನಾದೆ.

ವಿಂಡೋಸ್‌ನಲ್ಲಿ ಓದಿ ಹೇಳುವ ಸೌಲಭ್ಯವೊಂದಿದೆ. ಒಂದು ಸಾಲು ಬರೆದರೆ ಸ್ಕ್ರಿಪ್ಟ್ ಬಾಯಿ ಬಿಟ್ಟು ಮಾತಾಡುತ್ತದೆ. ಬದಲಾದ ಪ್ರತಿಯೊಂದು ಸಾಲನ್ನೂ ಗಟ್ಟಿಯಾಗಿ ಓದಿ, ನಾನು ಹೌದು ಎಂದು ಕೀಲಿ ಒತ್ತಿದ ಮೇಲಷ್ಟೇ ಮುಂದೆ ಹೋಗುವ ಹಾಗೆ ಮಾಡಿದೆ. ಮೂಗಿನಿಂದ ಬರುವ ಇಂಗ್ಲಿಷು. ಹೊರಕೋಣೆಯಿಂದ ಅಜರುದ್ದೀನ್ ಬಂದು, ಆಫೀಸಿಗೆ ಯಾವ ದೇಶದವರು ಬಂದಿದ್ದಾರೆ ಎಂದು ಕೇಳಿದ. ಮೂವರೂ ನಕ್ಕೆವು.

ಸಂಜೆಯ ಹೊತ್ತಿಗೆ ಇನ್ನೊಂದು ವಿಷಯ ಗಮನಕ್ಕೆ ಬಂತು. ಕೇಳಿಸಿಕೊಂಡರೆ ತಪ್ಪು ಬೇಗ ಸಿಗುತ್ತದೆ. ಸುಹಾನಾ ಓದುತ್ತ ಹೋದಂತೆ ನನ್ನದೇ ಹಳೆಯ ಪ್ರೋಗ್ರಾಮಿನಲ್ಲಿ ಮೂರು ತಪ್ಪು ಹಿಡಿದೆ. ಕಣ್ಣು ಸರಿಯಿದ್ದಾಗ ಬರೆದವು.

6 ಜೂನ್

ಹುಲುಗಪ್ಪ ಫೋನ್ ಮಾಡಿದ್ದ. ಕುರುಗೋಡಿನ ಹತ್ತಿರ ಕಲ್ಲು ಕ್ವಾರಿಯೊಂದರ ಕಾಟಾದಲ್ಲಿದ್ದಾನೆ. ಎರ್ರಣ್ಣ ವಾಪಸು ಕರೆದನಂತೆ, ಹೋಗಲಿಲ್ಲವಂತೆ.

"ನೀವು ಎಲ್ಲಾರ ಮುಂದ ಹೇಳಿದ್ರಂತ. ಜನ ಬಂದು ಹೇಳಿದ್ರು" ಎಂದ.

ಹೌದು ಎಂದೆ. ತಪ್ಪಾಯಿತು ಎಂದೂ ಹೇಳಿದೆ.

"ಅಂಗಿ ಜೇಬಿನಾಗ ಕೈ ಹಾಕಿ ನೋಡಿದ್ರು ಸರ್. ನನ್ನ ಮಗಳು ಬುತ್ತಿ ತಂದಿದ್ಳು, ಅಲ್ಲೇ ನಿಂತಿದ್ಳು. ನೀವು ಹೇಳಿದ್ದು ಒಳ್ಳೇದಾತು. ಆದ್ರ ಅದು ಹೋಗಂಗಿಲ್ಲ."

ಹೋಗುವುದಿಲ್ಲ ಎಂದೆ. ಫೋನ್ ಇಟ್ಟನೇನೋ ಎಂದುಕೊಳ್ಳುವಾಗ, ಅಲ್ಲಿನ ಪ್ರೋಗ್ರಾಮ್ ದಿನಕ್ಕೆರಡು ಸಲ ನಿಂತುಬಿಡುತ್ತದೆ, ಸಾವುಕಾರರು ಬೇರೆಯದನ್ನು ನೋಡುತ್ತಿದ್ದಾರೆ, ಬಂದು ನೋಡುತ್ತೀರೇನು ಎಂದು ಕೇಳಿದ. ತಾನು ಹೇಳಿದೆನೆಂದು ಹೇಳಬೇಡಿ ಎಂದೂ ಸೇರಿಸಿದ.

12 ಜೂನ್

ಸುಹಾನಾ ಅಜರುದ್ದೀನ್ ಇಬ್ಬರೂ ಕಂಪ್ಯೂಟರ್ ಇಟ್ಟುಕೊಂಡು ಬೆಳಿಗ್ಗೆಯೇ ಕಾರಿನಲ್ಲಿ ಕುರುಗೋಡಿಗೆ ಹೋಗಿದ್ದರು. ನನಗೆ ರಕ್ತ ಪರೀಕ್ಷೆ ಇತ್ತು, ಮುಗಿಸಿಕೊಂಡು ಬಸ್ಸಿಗೆ ಬರುತ್ತೇನೆ ಎಂದಿದ್ದೆ. ಬಸ್ಸು ಬೇಡ, ಆಟೋ ಮಾಡಿಕೊಂಡು ಹೋಗಿ ಎಂದು ಶೀಲಾ ಹೇಳಿದ್ದಳು.

ಬಸ್ ಸ್ಟ್ಯಾಂಡಿನಲ್ಲಿ ಎಲ್ಲ ಬಸ್ಸುಗಳೂ ಒಂದೇ ಕೆಂಪು. ಬೋರ್ಡುಗಳು ಬಿಳಿ ಪಟ್ಟಿಗಳು. ಕಂಬದ ಹತ್ತಿರ ಬುಟ್ಟಿ ಇಟ್ಟುಕೊಂಡು ಯಾರೋ ಹೆಂಗಸು ನಿಂತಿದ್ದಳು, ಎದುರಿಗೆ ನಿಂತ ಬಸ್ಸು ಎಲ್ಲಿಗೆ ಹೋಗುತ್ತದೆ, ಬೋರ್ಡು ನೋಡಿ ಹೇಳುತ್ತೀಯೇನಮ್ಮ ಎಂದು ಕೇಳಿದೆ.

"ನನಗೂ ಓದಾಕ ಬರಂಗಿಲ್ಲಪ" ಎಂದಳು. ದನಿಯಿಂದ ವಯಸ್ಸಾದವಳು. "ನೀ ಎಲ್ಲಿಗೆ ಹೊಂಟಿ?"

ಕುರುಗೋಡಿಗೆ ಎಂದೆ. ತಾನೂ ಅಲ್ಲಿಗೇ ಎಂದಳು. ಕಣ್ಣಿಗೆ ಏನಾಗಿದೆ ಎಂದು ಕೇಳಿದಳು, ಹೇಳಿದೆ. ಸಕ್ಕರೆಯೇ ಎಂದಳು, ಹೌದು ಎಂದೆ. ಬುಟ್ಟಿಯ ಒಂದು ಬದಿ ಹಿಡಿದುಕೋ ಎಂದಳು, ಹಿಡಿದುಕೊಂಡೆ. ಇಬ್ಬರೂ ಹೋಗಿ ಕಂಡಕ್ಟರನನ್ನು ಕೇಳಿದೆವು. ಅದು ಸಿರುಗುಪ್ಪದ ಬಸ್ಸು, ಅದರ ಹಿಂದಿನದು ಕುರುಗೋಡಿನದು ಎಂದ. ಮುರಿದ ಮೆಟ್ಟಿಲಿನ ಬಗ್ಗೆ ಮೊದಲೇ ಹೇಳಿ ಅವಳು ನನ್ನನ್ನು ಹತ್ತಿಸಿದಳು. ಬುಟ್ಟಿಯಲ್ಲಿ ಬದನೆಕಾಯಿ ಇದ್ದವು.

ಕಿಟಕಿಯ ಜಾಗ ನನಗೆ ಬಿಟ್ಟುಕೊಟ್ಟಳು. ನನಗೇನು ಕಾಣುತ್ತದೆ, ನೀನೇ ಕೂತುಕೋ ಎಂದೆ.

"ಗಾಳಿ ಬರತೈತಿ ಕುಂದ್ರು" ಎಂದಳು.

ಕೂತೆ. ಕುರುಗೋಡಿನ ಗುಡ್ಡ ಬಂದಾಗ ಹೇಳು ಎಂದೆ. ಅವಳು ಅಲ್ಲಿಯವರೆಗೆ ಕಾಯಲಿಲ್ಲ. ಊರು ದಾಟಿದ್ದೇ, ದಾರಿಯಲ್ಲಿ ಬಂದದ್ದನ್ನೆಲ್ಲ ಒಂದೊಂದಾಗಿ ಹೇಳುತ್ತ ಬಂದಳು.